ದಮಯಂತಿ ಮಾವಶಿ ತಂದ ನೋಟೀಸ್ ಪುಸ್ತಕ

ನಾನು ವಸಂತಕುಮಾರ. ಠಾಣೆ ನಗರದ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಪಕ್ಕದ ಒಂದು ಕನ್ನಡ ಮಾಧ್ಯಮದ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಗಣಿತ, ವಿಜ್ಞಾನ ಕಲಿಸಿದವನು. ಮಕ್ಕಳು ಬೆನ್ನ ಹಿಂದೆ ಸಿಡುಕು ಮಾಸ್ತರ್ ಎನ್ನುತ್ತಿದ್ದರು. ಹೆಸರು ಸರಿಯಾಗಿಯೇ ಇತ್ತು. ನನ್ನ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಬರೆಯಬೇಕಾದದ್ದು ದಮಯಂತಿಯವರ ಬಗ್ಗೆ. ಅವರ ಬಗ್ಗೆ ಬರೆದರೆ ನನ್ನ ಮರ್ಯಾದೆ ಹೋಗುತ್ತದೆ. ಹೋಗಲಿ. ಈ ವಯಸ್ಸಿನಲ್ಲಿ ಅದನ್ನು ಇಟ್ಟುಕೊಂಡು ಮಾಡುವುದಾದರೂ ಏನು.

ದಮಯಂತಿ ನಮ್ಮ ಶಾಲೆಯ ಪ್ಯೂನ್. ಈ ಕಡೆಯ ಶಾಲೆಗಳಲ್ಲಿ ಆ ಕೆಲಸದ ಹೆಂಗಸರನ್ನು ಮಾವಶಿ ಎನ್ನುವುದು ವಾಡಿಕೆ, ಹಾಗಾಗಿ ಅವರೂ ಎಲ್ಲರಿಗೂ ಮಾವಶಿ. ನಾನು ಮಾತ್ರ ದಮಯಂತಿ ಎಂದೇ ಕರೆಯುತ್ತಿದ್ದೆ, ಅದೂ ಏಕವಚನದಲ್ಲಿ. ನನಗಿಂತ ಹತ್ತು ವರ್ಷಕ್ಕೆ ಸಣ್ಣವರು ಎಂಬುದು ನೆಪ. ಶಾಲೆಯ ಯಾವ ಟೀಚರಿಗೂ, ಅವರು ಎಷ್ಟೇ ಸಣ್ಣವರಿರಲಿ, ನಾನು ಏಕವಚನ ಬಳಸಿದ್ದಿಲ್ಲ. ಈಗ ಬರೆಯುವಾಗ ಬಹುವಚನ ತಾನಾಗಿ ಬರುತ್ತಿದೆ, ಬಹಳ ತಡವಾಗಿ.

ಅವರ ಊರು ಮೂಡಬಿದಿರೆಯ ಹತ್ತಿರ. ಏಳನೇ ಕ್ಲಾಸಿನ ತನಕ ಓದಿದ್ದರು. ಲೆಕ್ಕದಲ್ಲಿ ಕ್ಲಾಸಿಗೇ ಮೊದಲು. ಎಂಟಕ್ಕೆ ಹೋಗಬೇಕಾದರೆ ಬಸ್ಸು ಹತ್ತಬೇಕಿತ್ತು. ಮನೆಯಲ್ಲಿ ಬಸ್ಸು ಹತ್ತುವ ಸರದಿ ತಮ್ಮನದು ಎಂದಾಯಿತು. ತಮ್ಮ ಎರಡು ವರ್ಷ ಬಸ್ಸು ಹತ್ತಿ, ಫೇಲಾಗಿ, ಕೊನೆಗೆ ಪುಣೆಯ ಹೋಟೆಲು ಸೇರಿದ. ಇದನ್ನು ಅವರು ನಗುತ್ತಲೇ ಹೇಳುತ್ತಿದ್ದರು. ಮದುವೆಯಾಗಿ ಠಾಣೆಗೆ ಬಂದರು. ಗಂಡ ಲೋಕನಾಥ ಎಸ್ಟೇಟಿನ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವ. ಕಿಸನ್ ನಗರದ ವಠಾರದಂಥ ಚಾಳಿನಲ್ಲಿ ಒಂದು ಖೋಲಿಯ ಮನೆ. ಒಬ್ಬಳೇ ಮಗಳು, ಅಶ್ಮಿತಾ. ಅವಳು ಐದು ವರ್ಷದವಳಿದ್ದಾಗ, ಅಂದರೆ 2001ರಲ್ಲಿ, ದಮಯಂತಿ ನಮ್ಮ ಶಾಲೆಗೆ ಕೆಲಸಕ್ಕೆ ಸೇರಿದರು. ಮರುವರ್ಷ ಮಗಳೂ ನಮ್ಮಲ್ಲೇ ಒಂದನೇ ಕ್ಲಾಸಿಗೆ ಬಂದಳು.

ಗಂಟೆ ಹೊಡೆಯುವುದು, ನೀರು ತುಂಬುವುದು, ಲ್ಯಾಬಿನ ಗಾಜಿನ ಸಾಮಾನು ತೊಳೆಯುವುದು ಅವರ ಕೆಲಸ. ಇನ್ನೊಂದು ಕೆಲಸವಿತ್ತು: ನೋಟೀಸ್ ಪುಸ್ತಕ ತಿರುಗಿಸುವುದು. ನಮ್ಮ ಹೆಡ್‌ಮಿಸ್ಟ್ರೆಸ್ ಪ್ರಫುಲ್ಲಾ ಮೇಡಂ ಏನೇ ತಿಳಿಸುವುದಿದ್ದರೂ ಆ ಉದ್ದನೆಯ ಪುಸ್ತಕದಲ್ಲಿ ಬರೆಯುತ್ತಿದ್ದರು. ಪರೀಕ್ಷಾ ಬೋರ್ಡಿನಿಂದ ಬಂದ ಸುತ್ತೋಲೆಗಳನ್ನೂ ಅದರಲ್ಲೇ ಅಂಟಿಸುತ್ತಿದ್ದರು. ಮಾವಶಿ ಅದನ್ನು ಕ್ಲಾಸಿನಿಂದ ಕ್ಲಾಸಿಗೆ ಒಯ್ಯಬೇಕು, ಮಾಸ್ತರರು ಓದಿ ತಾರೀಕು ಹಾಕಿ ಸೈನ್ ಮಾಡಬೇಕು. ಮಾವಶಿ ವರಾಂಡದಲ್ಲಿ ನಡೆಯುತ್ತ ನಡೆಯುತ್ತ ಅದನ್ನು ಓದುವುದನ್ನು ಕಂಡಿದ್ದೇನೆ. ಕನ್ನಡ ಸಲೀಸು. ಸುತ್ತೋಲೆಯ ಮರಾಠಿಯನ್ನು ಅಕ್ಷರ ಕೂಡಿಸಿಕೊಂಡು ಓದುತ್ತಿದ್ದರು. "ನಿನಗೆಂತಕ್ಕೆ ಇದೆಲ್ಲ?" ಎಂದು ಒಮ್ಮೆ ಕೇಳಿದ್ದೆ. "ಹೊತ್ತುಕೊಂಡು ತಿರುಗುದು ನಾನಲ್ವಾ ಸರ್, ಒಳಗೆ ಎಂತ ಉಂಟು ಅಂತ ಗೊತ್ತಿರ್ಬೇಕು" ಎಂದಿದ್ದರು.

ಲ್ಯಾಬಿಗೂ ನಾನು ಗಣಿತ ಕಲಿಸುವ ಕೋಣೆಗೂ ನಡುವೆ ಇದ್ದದ್ದು ಪ್ಲೈವುಡ್ಡಿನ ಗೋಡೆ. ಈಚೆ ನಾನು ಪಾಠ ಮಾಡಿದರೆ ಆಚೆಗೆ ಪೂರ್ತಿ ಕೇಳುತ್ತದೆ. ನನ್ನ ಗಂಟಲು ಕೂಡ ಅಂಥದ್ದೇ.

ನನ್ನ ಪಾಠದ ಕ್ರಮವನ್ನು ಇಲ್ಲಿ ಹೇಳಿಬಿಡಬೇಕು. ಪ್ರಶ್ನೆ ಕೇಳುವುದು ಹುಡುಗರಿಗೆ. ಬೋರ್ಡಿಗೆ ಕರೆಯುವುದು ಹುಡುಗರನ್ನು. ಹುಡುಗಿಯರ ನೋಟ್‌ಬುಕ್ ಚೊಕ್ಕ ಇರುತ್ತದೆ, ಅಕ್ಷರ ಚೆಂದ ಇರುತ್ತದೆ ಎಂದು ಹೊಗಳುವುದು, ಅಲ್ಲಿಗೆ ಅವರ ವಿಷಯ ಮುಗಿಯಿತು. ಲ್ಯಾಬಿನಲ್ಲಿ ಬರ್ನರ್ ಹಚ್ಚುವುದು, ಆಸಿಡ್ ಸುರಿಯುವುದು ಹುಡುಗರು. ರೀಡಿಂಗ್ ಬರೆದುಕೊಳ್ಳುವುದು ಹುಡುಗಿಯರು. ಹುಡುಗರ ಜರ್ನಲ್ಲಿಗೆ ಚಿತ್ರ ಬರೆದುಕೊಡುವುದೂ ಅವರೇ. ಒಂದು ದಿನ ಮಾವಶಿ ಪ್ರನಾಳಗಳನ್ನು ತೊಳೆಯುತ್ತ, "ಸರ್, ಹೆಣ್ಣುಮಕ್ಕಳ ಗ್ಲಾಸ್ ತೊಳೀಲಿಕ್ಕೇ ಇರುದಿಲ್ಲ. ಕೊಳೆ ಆಗುದೇ ಇಲ್ಲ" ಎಂದರು. ನಾನು ಅದನ್ನೂ ಹೊಗಳಿಕೆ ಎಂದೇ ತಿಳಿದೆ. ಬುದ್ಧಿ ಎಲ್ಲಿಗೆ ಮೇಯಲು ಹೋಗಿತ್ತೋ.

ನನ್ನ ಸ್ವಂತ ಮಗಳು ರಮಿತಾ ಆಗ ಡೊಂಬಿವಲಿಯ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿದ್ದಳು. ನಾವಿದ್ದದ್ದು ಡೊಂಬಿವಲಿಯಲ್ಲಿ. ಅವಳಿಗೆ ಆಲ್ಜೀಬ್ರಾಕ್ಕೆ ಬೇರೆ ಟ್ಯೂಷನ್. ರಾತ್ರಿ ಊಟಕ್ಕೆ ಮುಂಚೆ ನಾನೇ ಹತ್ತು ಪ್ರಶ್ನೆ ಕೇಳಿ, ಉತ್ತರ ಬರುವ ತನಕ ಬಿಡುತ್ತಿರಲಿಲ್ಲ. ಮನೆಯ ಹುಡುಗಿಗೆ ಒಂದು ಕ್ರಮ, ಶಾಲೆಯ ಹುಡುಗಿಯರಿಗೆ ಇನ್ನೊಂದು. ಇದು ನನಗೆ ವಿಚಿತ್ರ ಅಂತ ಒಮ್ಮೆಯೂ ಅನಿಸಲಿಲ್ಲ.

ಈಗ 2010ಕ್ಕೆ ಬರುತ್ತೇನೆ. ಅಶ್ಮಿತಾ ಒಂಬತ್ತನೇ ಕ್ಲಾಸಿಗೆ ಬಂದಿದ್ದಳು. ಇಂಗ್ಲಿಷ್ ಮೀಡಿಯಂ ಹುಚ್ಚಿಗೆ ನಮ್ಮ ಶಾಲೆ ವರ್ಷ ವರ್ಷ ಸೊರಗುತ್ತಿತ್ತು. ಆ ಕ್ಲಾಸಿನಲ್ಲಿ ಇದ್ದದ್ದು ಇಪ್ಪತ್ತಮೂರು ಮಕ್ಕಳು, ಹದಿನಾಲ್ಕು ಹುಡುಗಿಯರು, ಒಂಬತ್ತು ಹುಡುಗರು. ಹೊಸ ಮಕ್ಕಳನ್ನು ಕರೆತರಲು ನಮ್ಮಲ್ಲಿ ಉಳಿದಿದ್ದ ಒಂದೇ ಬಲ ಗೇಟಿನ ಮೇಲಿನ ಬ್ಯಾನರು: ಎಸ್‌ಎಸ್‌ಸಿ ಫಲಿತಾಂಶ ನೂರಕ್ಕೆ ನೂರು. ಹತ್ತನೆಯ ಆ ಫಲಿತಾಂಶ ಉಳಿಸಿಕೊಳ್ಳಲು ಒಂದು ಸುಲಭ ದಾರಿ ಇತ್ತು. ಆಲ್ಜೀಬ್ರಾ, ಜ್ಯಾಮಿತಿ ಕಷ್ಟ ಎನ್ನುವ ಮಕ್ಕಳು ಒಂಬತ್ತರಲ್ಲೇ ಅದರ ಬದಲು ಸಾಮಾನ್ಯ ಗಣಿತ ತೆಗೆದುಕೊಳ್ಳಬಹುದಿತ್ತು. ಎಲ್ಲರೂ ಜನರಲ್ ಎನ್ನುತ್ತಿದ್ದರು. ಪಾಸಾಗುವುದು ಸುಲಭ. ಆದರೆ ಜನರಲ್ ತೆಗೆದುಕೊಂಡವರಿಗೆ ಹನ್ನೊಂದನೆಯ ಸಾಯನ್ಸಿನಲ್ಲಿ ಗಣಿತ ಸಿಗುವುದಿಲ್ಲ. ಆ ಬಾಗಿಲು ಹದಿನಾಲ್ಕನೇ ವಯಸ್ಸಿಗೇ ಮುಚ್ಚುತ್ತದೆ.

ಪ್ರಫುಲ್ಲಾ ಮೇಡಂ ನನ್ನನ್ನು ಕರೆದು, "ವಸಂತಕುಮಾರರೇ, ಯಾರು ಡೌಟ್ ಇದ್ದಾರೋ ಅವರನ್ನೆಲ್ಲ ಜನರಲ್ಲಿಗೆ ಹಾಕಿಬಿಡಿ. ಒಂದು ಮಗು ಫೇಲಾದ್ರೂ ಮುಂದಿನ ವರ್ಷ ಅಡ್ಮಿಷನ್ ಇಲ್ಲ" ಎಂದರು. ಪಟ್ಟಿ ಮಾಡಿದವನು ನಾನು. ಮೇಡಂ ಮೇಲೆ ಹೊರಿಸಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಹುಡುಗಿಯರಲ್ಲಿ ಹನ್ನೊಂದು ಜನ ಜನರಲ್ಲಿಗೆ, ಹುಡುಗರಲ್ಲಿ ಒಬ್ಬ. ಎಂಟನೇ ಕ್ಲಾಸಿನ ಗಣಿತ ಪರೀಕ್ಷೆಯಲ್ಲಿ ಅಶ್ಮಿತಾಳಿಗೆ ಐವತ್ತೆರಡು ಬಂದಿತ್ತು, ಮಯೂರ್ ಎಂಬ ಹುಡುಗನಿಗೆ ನಲವತ್ತೊಂದು. ಮಯೂರನನ್ನು ಆಲ್ಜೀಬ್ರಾದಲ್ಲಿ ಇಟ್ಟೆ. ಹುಡುಗ, ಮುಂದೆ ಡಿಪ್ಲೊಮಾ ಅದು ಇದು ಮಾಡಬೇಕಾದೀತು ಎಂದು. ಅಶ್ಮಿತಾಳನ್ನು ಜನರಲ್ಲಿಗೆ ಹಾಕಿದೆ. ಮಾವಶಿಯ ಮಗಳು, ಬಾಯಿ ಬಿಡದ ಹುಡುಗಿ, ಹತ್ತು ಪಾಸಾದರೆ ಸಾಕು ಎಂದು. ಬಾಯಿ ಬಿಡುವ ಹಾಗೆ ಒಂದು ಪ್ರಶ್ನೆಯನ್ನು ನಾನು ಆ ಹುಡುಗಿಗೆ ಎಂದೂ ಕೇಳಿರಲಿಲ್ಲ ಎಂಬುದು ಆಗ ನೆನಪಿಗೆ ಬರಲಿಲ್ಲ.

ಜುಲೈ ತಿಂಗಳ ಒಂದು ಶನಿವಾರ ಪಾಲಕರ ಸಭೆ. ಫಾರಂಗೆ ಅಪ್ಪ ಅಥವಾ ಅಮ್ಮ ಸೈನ್ ಹಾಕಬೇಕು. ಹೆಚ್ಚಿನವರು ಕಿಸನ್ ನಗರದವರೇ, ಮಾವಶಿಯನ್ನು ಬಲ್ಲವರು. ಮಾವಶಿ ಹಾಕಿದರೆ ಉಳಿದವರು ಮಾತಿಲ್ಲದೆ ಹಾಕುತ್ತಾರೆ ಎಂದು ನನಗೆ ಗೊತ್ತಿತ್ತು. ಆದ್ದರಿಂದ ಬೇಕೆಂದೇ ಅವರನ್ನು ಮೊದಲು ಕರೆದೆ. ಅವರು ಸೆರಗಿಗೆ ಕೈ ಒರೆಸಿಕೊಂಡು ಬಂದು ಫಾರಂ ಹಿಡಿದರು.

"ಸರ್, ಅಶ್ಮಿತಾಳಿಗೆ ಮುಂದೆ ಸಾಯನ್ಸ್ ಮಾಡ್ಬೇಕಂತೆ. ಲ್ಯಾಬಿನಲ್ಲಿ ಕೆಲಸ ಮಾಡುವ ಆಸೆ ಅವಳಿಗೆ, ನನ್ನ ಹಾಗೆ ತೊಳೆಯುದಲ್ಲ," ಎಂದು ಸಣ್ಣಗೆ ನಕ್ಕರು. "ಈ ಜನರಲ್ ತಗೊಂಡ್ರೆ ಅದಕ್ಕೆ ತೊಂದರೆ ಎಂತಾದ್ರೂ ಉಂಟಾ?"

ನನಗೆ ನಿಯಮ ಗೊತ್ತಿತ್ತು, ಸುತ್ತೋಲೆ ಓದಿ ಎರಡು ವಾರವೂ ಆಗಿರಲಿಲ್ಲ. ಹಿಂದೆ ಇಪ್ಪತ್ತು ಜನ ಪಾಲಕರು ಕಿವಿ ಕೊಟ್ಟು ನಿಂತಿದ್ದರು. ಉಂಟು ಎಂದರೆ ಇವರು ಸೈನ್ ಹಾಕುವುದಿಲ್ಲ, ಇವರು ಹಾಕದಿದ್ದರೆ ಯಾರೂ ಹಾಕುವುದಿಲ್ಲ.

"ಎಂತ ತೊಂದರೆಯೂ ಇಲ್ಲ. ಮಾರ್ಕು ಜಾಸ್ತಿ ಬರ್ತದೆ. ಸೈನ್ ಹಾಕು" ಎಂದೆ.

ಹಾಕಿದರು. ಅಕ್ಷರ ಒಂದೊಂದಾಗಿ, ದುಂಡಗೆ.

ಜನರಲ್ಲಿನ ಮಕ್ಕಳಿಗೆ ಬೇರೆ ಕೋಣೆ ಎಲ್ಲಿಂದ ತರುವುದು? ಗಣಿತದ ಪಿರಿಯಡ್ಡಿಗೆ ಅವರನ್ನು ಲ್ಯಾಬಿನಲ್ಲಿ ಕೂರಿಸುತ್ತಿದ್ದೆವು. ಚಿತ್ರಕಲೆಯ ಮಾಸ್ತರರು ನಾಲ್ಕು ಲೆಕ್ಕ ಬರೆದುಕೊಟ್ಟು ಪೇಪರು ಓದುತ್ತಿದ್ದರು. ಅಶ್ಮಿತಾ ಆ ನಾಲ್ಕು ಲೆಕ್ಕವನ್ನು ಹತ್ತು ನಿಮಿಷದಲ್ಲಿ ಮುಗಿಸಿ ಪ್ಲೈವುಡ್ ಗೋಡೆಯ ಪಕ್ಕದ ಸ್ಟೂಲಿನಲ್ಲಿ ಕೂತು ನನ್ನ ಆಲ್ಜೀಬ್ರಾ ಕೇಳುತ್ತಿದ್ದಳಂತೆ. ನನಗೆ ಅದು ತಿಳಿದದ್ದು ಅವಳು ಹತ್ತನೆಯಲ್ಲಿದ್ದಾಗ, 2011ರ ಅಕ್ಟೋಬರಿನಲ್ಲಿ.

ಆ ದಿನ ಬೋರ್ಡಿನ ಮೇಲೆ ನಾನೇ ಕಟ್ಟಿದ ಒಂದು ಲೆಕ್ಕ ಬರೆದೆ. ಠಾಣೆಯಿಂದ ಕಲ್ಯಾಣಕ್ಕೆ ಇಪ್ಪತ್ತು ಕಿಲೋಮೀಟರ್. ಫಾಸ್ಟ್ ಲೋಕಲ್ ರೈಲಿನ ವೇಗ ಸ್ಲೋ ಲೋಕಲ್ಲಿಗಿಂತ ಗಂಟೆಗೆ ಇಪ್ಪತ್ತು ಕಿಲೋಮೀಟರ್ ಹೆಚ್ಚು, ಹತ್ತು ನಿಮಿಷ ಬೇಗ ಮುಟ್ಟುತ್ತದೆ. ಸ್ಲೋ ಲೋಕಲ್ಲಿನ ವೇಗ ಎಷ್ಟು? ಬಿಡಿಸುತ್ತ ಹೋದೆ, ಉತ್ತರ ಬರಲಿಲ್ಲ. ಎಲ್ಲೋ ಎಡವಿದ್ದೇನೆ, ಎಲ್ಲಿ ಎಂದು ತಿಳಿಯುತ್ತಿಲ್ಲ. ಗಂಟೆ ಹೊಡೆಯಿತು. "ಮನೆಯಲ್ಲಿ ಮಾಡಿಕೊಂಡು ಬನ್ನಿ" ಎಂದು ಗದರಿಸಿ ಹೊರಬಂದೆ.

ಮಾರನೆ ದಿನ ಬೆಳಿಗ್ಗೆ ದಮಯಂತಿ ಸ್ಟಾಫ್ ರೂಮಿಗೆ ಬಂದು ಒಂದು ಹಾಳೆ ಮುಂದಿಟ್ಟರು. ಉಳಿದ ಟೀಚರುಗಳು ಚಾ ಕುಡಿಯುತ್ತಿದ್ದರು.

"ಅಶ್ಮಿತಾ ಮಾಡಿದ್ದು ಸರ್. ನಿನ್ನೆದು, ಆ ಲೋಕಲ್ ಲೆಕ್ಕ. ಸ್ಲೋ ಗಾಡಿಗೆ ಹೊತ್ತು ಹೆಚ್ಚು ಹಿಡಿಯುದಲ್ವಾ, ಅದರಿಂದ ಫಾಸ್ಟಿನದ್ದನ್ನು ಕಳೀಬೇಕು, ಸರ್ ಉಲ್ಟಾ ಕಳೆದಿದ್ದಾರೆ ಅಂತಾಳೆ. ನಲವತ್ತು ಬರ್ತದಂತೆ. ಸರಿ ಉಂಟಾ ನೋಡಿ."

ನೋಡಿದೆ. ಎಂಟು ಸಾಲು. ಒಂದು ಗೀಟೂ ಹೆಚ್ಚಿಲ್ಲ. ನಲವತ್ತು ಸರಿ, ದಾರಿಯೂ ಸರಿ. ನಾನು ಎಡವಿದ ಜಾಗಕ್ಕೆ ಹುಡುಗಿ ನೇರ ಬೆರಳಿಟ್ಟಿದ್ದಳು, ಅದೂ ಗೋಡೆಯಾಚೆ ಕೂತು, ಬೋರ್ಡು ಕಾಣದೆ. ಆಗಲಾದರೂ ಎದ್ದು ಮೇಡಂ ಹತ್ತಿರ ಹೋಗಿ, ಈ ಹುಡುಗಿಯ ವಿಷಯ ಬದಲಾಯಿಸಲು ಬರುತ್ತದಾ, ಬೋರ್ಡಿಗೆ ಒಂದು ಅರ್ಜಿ ಹಾಕೋಣ ಎನ್ನಬಹುದಿತ್ತು. ಆಗುತ್ತಿತ್ತೋ ಇಲ್ಲವೋ, ಕೇಳಬಹುದಿತ್ತು. ನನಗೆ ಕಂಡದ್ದು ಚಾ ಕುಡಿಯುತ್ತಿದ್ದವರ ಮುಖ ಮಾತ್ರ. ಮಾವಶಿ ಬಂದು ಗಣಿತ ಮಾಸ್ತರನ ತಪ್ಪು ತೋರಿಸುವುದೆಂದರೆ.

"ಉತ್ತರ ಬಂದ್ರೆ ಆಯ್ತಾ? ಮೆಥಡ್ ತಪ್ಪು" ಎಂದೆ. "ಇದು ಅವಳ ಪೋರ್ಷನ್ನೇ ಅಲ್ಲ. ತನ್ನದನ್ನು ಓದ್ಲಿಕ್ಕೆ ಹೇಳು."

ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು. ಕ್ಲಾಸಿಗೆ ಹೋಗಿ, ಆ ಲೆಕ್ಕ ಪರೀಕ್ಷೆಗೆ ಬರುವಂಥದ್ದಲ್ಲ, ಬಿಡಿ ಎಂದೆ. ಮಕ್ಕಳಿಗೆ ಖುಷಿಯಾಯಿತು.

2012ರ ಜೂನಿನಲ್ಲಿ ಫಲಿತಾಂಶ ಬಂತು. ನೂರಕ್ಕೆ ನೂರು. ಮಯೂರನಿಗೆ ಗಣಿತದಲ್ಲಿ ಮೂವತ್ತೆಂಟು. ಅಶ್ಮಿತಾಳಿಗೆ ಜನರಲ್ಲಿನಲ್ಲಿ ತೊಂಬತ್ತೊಂದು, ವಿಜ್ಞಾನದಲ್ಲಿ ಎಂಬತ್ತೆಂಟು. ದಮಯಂತಿ ಎಲ್ಲರಿಗೂ ಪೇಡೆ ಹಂಚಿದರು. ನನಗೆ ಎರಡು ಕೊಟ್ಟರು. ತಿಂದೆ.

ಹತ್ತು ದಿನ ಕಳೆದು ತಾಯಿ ಮಗಳು ಹನ್ನೊಂದನೆಯ ಅಡ್ಮಿಷನ್ನಿಗೆ ಹೋದರು. ಒಂದಲ್ಲ, ಮೂರು ಕಾಲೇಜು ತಿರುಗಿದರು. ಎಲ್ಲ ಕಡೆ ಕ್ಲರ್ಕುಗಳು ಮಾರ್ಕ್‌ಶೀಟ್ ನೋಡಿ ಒಂದೇ ಮಾತು: ಜನರಲ್ ಇದೆ, ಗಣಿತ ಸಿಗುವುದಿಲ್ಲ, ಗಣಿತವಿಲ್ಲದ ಸಾಯನ್ಸ್ ನಮ್ಮಲ್ಲಿ ಇಲ್ಲ, ಕಾಮರ್ಸಿಗೆ ಹೋಗಿ. ಕೊನೆಯ ಕಾಲೇಜಿನ ಮೆಟ್ಟಿಲಲ್ಲಿ ಅಶ್ಮಿತಾ ಅರ್ಧ ಗಂಟೆ ಕೂತುಬಿಟ್ಟಳಂತೆ. ಅತ್ತಳಾ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಮರುದಿನ ಶಾಲೆಯಲ್ಲಿ ದಮಯಂತಿ ನನ್ನ ಹತ್ತಿರ ಬಂದರು. ವರಾಂಡದಲ್ಲಿ ಯಾರೂ ಇರಲಿಲ್ಲ. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ಒಳ್ಳೆಯದಿತ್ತು.

"ಸಾಯನ್ಸಿಗೆ ಆಗುದಿಲ್ಲಂತೆ ಸರ್. ಜನರಲ್ ತಗೊಂಡವರಿಗೆ ಲೆಕ್ಕ ಕೊಡುದಿಲ್ಲಂತೆ." ನನ್ನ ಮುಖವನ್ನೇ ನೋಡುತ್ತ ಕೇಳಿದರು, "ನಿಮಗೂ ಗೊತ್ತಿರ್ಲಿಕ್ಕಿಲ್ಲ ಆಗ, ಅಲ್ವಾ ಸರ್?"

ತಪ್ಪಿಸಿಕೊಳ್ಳಲು ಅವರೇ ಬಾಗಿಲು ತೆರೆದುಕೊಟ್ಟ ಹಾಗಾಯಿತು. ನಾನು ನುಸುಳಿದೆ.

"ಹೌದು ದಮಯಂತಿ. ನನಗೂ ಗೊತ್ತಿರಲಿಲ್ಲ."

"ಹಾಂ" ಎಂದರು. ಗಂಟೆ ಹೊಡೆಯುವ ಹೊತ್ತಾಗಿತ್ತು, ಹೋದರು.

ಅಶ್ಮಿತಾ ಕಾಮರ್ಸ್ ಸೇರಿದಳು. ಲೋಕನಾಥ ಒಂದು ದಿನ ಕೆಂಡವಾಗಿ ಶಾಲೆಗೆ ಬಂದಾಗ ದಮಯಂತಿಯೇ ಗೇಟಿನಲ್ಲಿ ತಡೆದು ಕಳಿಸಿದರು. ಸರ್‌ಗೆ ಗೊತ್ತಿರಲಿಲ್ಲವಂತೆ ಎಂದು ಗಂಡನಿಗೆ ಹೇಳುವುದು ನನ್ನ ಕಿವಿಗೆ ಬಿತ್ತು. ಸ್ಟಾಫ್ ರೂಮಿನ ಕುರ್ಚಿ ಅವತ್ತು ಮುಳ್ಳಿನ ಹಾಗೆ ಚುಚ್ಚಿತು. ಎದ್ದು ಹೋಗಿ ನಿಜ ಹೇಳುವಷ್ಟು ಮಾತ್ರ ಚುಚ್ಚಲಿಲ್ಲ.

ಅದೇ ಜುಲೈಯಲ್ಲಿ ಹೊಸ ಒಂಬತ್ತನೇ ಕ್ಲಾಸಿನ ಫಾರಂ ಬಂತು. ಸಭೆಗೆ ಎಂಟು ದಿನ ಇರುವಾಗ ದಮಯಂತಿ ಒಂದು ಕೆಲಸ ಮಾಡಿದರು. ಸಂಜೆ ಡ್ಯೂಟಿ ಮುಗಿದ ಮೇಲೆ ಹುಡುಗಿಯರಿದ್ದ ಒಂದೊಂದೇ ಮನೆಗೆ ಹೋಗಿ, ಜನರಲ್ ತಗೊಂಡರೆ ಮುಂದೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ಹೇಳಿ ಬಂದರು. ತಗೊಳ್ಳಬೇಡಿ ಎನ್ನಲಿಲ್ಲ. ಕೇಳಿಕೊಂಡು ಸೈನ್ ಹಾಕಿ ಎಂದರು, ಅಷ್ಟೆ. ಸಭೆಯ ದಿನ ಎಂಟು ಹುಡುಗಿಯರಲ್ಲಿ ಒಬ್ಬಳ ಫಾರಂಗೂ ಸೈನ್ ಬೀಳಲಿಲ್ಲ.

ಪ್ರಫುಲ್ಲಾ ಮೇಡಂ ಕೆಂಪಾದರು. ಎಚ್ಚರಿಕೆ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಕೊಟ್ಟೆ, ಅದನ್ನೂ ಕೊಟ್ಟೆ.

"ಶಾಲೆಯ ವಿರುದ್ಧ ಹೋಗ್ಬೇಡ ದಮಯಂತಿ. ಕೆಲಸ ಹೋದೀತು."

"ವಿರುದ್ಧ ಎಂತ ಸರ್? ನೋಟೀಸಿನಲ್ಲಿ ಇದ್ದದ್ದನ್ನೇ ಹೇಳಿದ್ದು" ಎಂದರು ಅವರು.

ನೋಟೀಸು ಎಂಬ ಮಾತು ಅವತ್ತು ನನ್ನ ಕಿವಿಯ ಪಕ್ಕದಿಂದ ಹಾದುಹೋಯಿತು.

ಆ ಎಂಟು ಹುಡುಗಿಯರು ನನ್ನ ಆಲ್ಜೀಬ್ರಾ ಕ್ಲಾಸಿನಲ್ಲಿ ಕೂತರು. ಫೇಲಾದರೆ ನನ್ನ ತಲೆಗೆ ಬರುತ್ತದೆ ಎಂಬ ಹೆದರಿಕೆಗೆ, ಮೊದಲ ಸಲ ಹುಡುಗಿಯರಿಗೆ ಪ್ರಶ್ನೆ ಕೇಳಲು ಶುರು ಮಾಡಿದೆ. ಒಂದು ವಾರ ಯಾರೂ ಬಾಯಿ ಬಿಡಲಿಲ್ಲ. ನನ್ನ ಅಭ್ಯಾಸ ಎರಡು ಸೆಕೆಂಡು ಕಾದು ಹುಡುಗರತ್ತ ತಿರುಗುವುದು. ಈಗ ತಿರುಗದೆ ನಿಂತೆ. ಎಷ್ಟು ಹೊತ್ತಾದರೂ ನಿಂತೆ. ಎರಡನೇ ವಾರ ತೃಷಾ ಎಂಬ ಹುಡುಗಿ ಎದ್ದು ಬೋರ್ಡಿಗೆ ಬಂದು ತಪ್ಪು ಬರೆದಳು. ಬೈಯದೆ, ಎಲ್ಲಿ ತಪ್ಪಿದೆ ನೀನೇ ನೋಡು ಎಂದೆ. ನೋಡಿ ಸರಿಮಾಡಿದಳು. ಇಷ್ಟೇ. ಇದಕ್ಕಿಂತ ದೊಡ್ಡ ವಿದ್ಯೆ ಏನೂ ಬೇಕಿರಲಿಲ್ಲ. ಲ್ಯಾಬಿನಲ್ಲಿ ಬರ್ನರಿನ ಬೆಂಕಿಪೆಟ್ಟಿಗೆಯನ್ನು ದಮಯಂತಿ ಹುಡುಗಿಯರ ಟೇಬಲಿನ ಮೇಲೇ ಇಡಲು ಶುರು ಮಾಡಿದರು, ನಾನು ಸುಮ್ಮನಿದ್ದೆ. 2014ರಲ್ಲಿ ಆ ಎಂಟೂ ಜನ ಪಾಸಾದರು. ಇಬ್ಬರಿಗೆ ಎಂಬತ್ತರ ಮೇಲೆ ಬಂತು. ಹಾಗಾದರೆ ಹಿಂದಿನ ಹನ್ನೊಂದು ಜನರನ್ನು ನಾನು ಯಾವ ಭಯಕ್ಕೆ ಬಲಿ ಕೊಟ್ಟೆ? ಇದಕ್ಕೆ ಉತ್ತರ ಹುಡುಕಿದಷ್ಟೂ ನನ್ನ ಮೇಲೆಯೇ ಅಸಹ್ಯವಾಗುತ್ತದೆ.

ಆ ವರ್ಷ ಮೇ ತಿಂಗಳಲ್ಲಿ ನನಗೆ ನಿವೃತ್ತಿ. ಬೀಳ್ಕೊಡುಗೆಯ ದಿನ ಶಾಲು, ತೆಂಗಿನಕಾಯಿ, ಭಾಷಣ. ನನ್ನನ್ನು ಗಣಿತ ಗಾರುಡಿಗ ಎಂದೆಲ್ಲ ಹೊಗಳಿದರು. ಮಾವಶಿಯೂ ಎರಡು ಮಾತಾಡಲಿ ಎಂದು ಯಾರೋ ಕೂಗಿದರು. ಅವರು ಮೈಕಿನ ಹತ್ತಿರ ಬಂದು ನನ್ನ ಕಡೆ ನೋಡದೆ ಹೇಳಿದರು:

"ಸರ್ ಲೆಕ್ಕ ಚೆಂದ ಕಲಿಸ್ತಿದ್ರು. ಗೋಡೆ ಆಚೆಗೂ ಕೇಳ್ತಿತ್ತು."

ಎಲ್ಲರೂ ನನ್ನ ಗಂಟಲಿನ ಮಾತೆಂದು ನಕ್ಕರು, ಚಪ್ಪಾಳೆ ತಟ್ಟಿದರು. ನಾನು ಶಾಲಿನ ಅಂಚು ಹಿಡಿದುಕೊಂಡು ಕೂತೆ.

ಆ ಮಾತು ನನ್ನನ್ನು ಮೂರು ವರ್ಷ ಬಿಡಲಿಲ್ಲ. ರಮಿತಾ ಎಂಜಿನಿಯರಿಂಗ್ ಮುಗಿಸಿದ ದಿನ ಮನೆಯಲ್ಲಿ ಪೇಡೆ ತಂದರು, ನನ್ನ ಪಾಲಿನದನ್ನು ತಟ್ಟೆಯಲ್ಲೇ ಬಿಟ್ಟೆ. ಹೋಗಬೇಕು, ಹೇಳಬೇಕು ಎಂದು ಡೊಂಬಿವಲಿ ಸ್ಟೇಷನ್ನಿನ ತನಕ ಎರಡು ಸಲ ಬಂದು, ಗಾಡಿಯಲ್ಲಿ ರಶ್ ಇದೆ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡು ತಿರುಗಿದ್ದೇನೆ. ಸುಳ್ಳು ಹೇಳುವುದು ಅಷ್ಟು ಅಭ್ಯಾಸವಾಗಿತ್ತು. ಕೊನೆಗೆ 2017ರ ಆಗಸ್ಟಿನಲ್ಲಿ ಒಂದು ಶುಕ್ರವಾರ ಸಂಜೆ ಠಾಣೆಯಲ್ಲಿ ಇಳಿದು ಶೇರ್ ರಿಕ್ಷಾ ಹಿಡಿದು ಕಿಸನ್ ನಗರಕ್ಕೆ ಹೋದೆ.

ಶಾಲೆ ಆ ವರ್ಷವೇ ಮುಚ್ಚಿತ್ತು. ಮಕ್ಕಳಿಲ್ಲದೆ. ನೂರಕ್ಕೆ ನೂರರ ಬ್ಯಾನರು ಅದನ್ನು ಉಳಿಸಲಿಲ್ಲ. ದಮಯಂತಿ ಬೇರೆ ಶಾಲೆಯಲ್ಲಿ ಕೆಲಸಕ್ಕಿದ್ದರು. ನನ್ನನ್ನು ಕಂಡು, "ಬನ್ನಿ ಸರ್, ಕೂತ್ಕೊಳ್ಳಿ" ಎಂದು ಮಂಚದ ಮೇಲಿನ ಬಟ್ಟೆ ಸರಿಸಿದರು. ಲೋಕನಾಥ ಕ್ಯಾಂಟೀನಿನ ಎರಡನೇ ಪಾಳಿಗೆ ಹೋಗಿದ್ದ. ಅಶ್ಮಿತಾ ಬಿ.ಕಾಂ. ಮುಗಿಸಿ ಐರೋಳಿಯ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದಳು, ಇನ್ನೂ ಬಂದಿರಲಿಲ್ಲ.

ಸುತ್ತು ಬಳಸಲಿಲ್ಲ. ಬಳಸಿದರೆ ಮತ್ತೆ ನುಸುಳಿಬಿಡುತ್ತೇನೆ ಎಂಬ ಭಯ.

"ದಮಯಂತಿಯವರೇ, ಆವತ್ತು ನನಗೆ ಗೊತ್ತಿತ್ತು. ಸಾಯನ್ಸಿಗೆ ಆಗುದಿಲ್ಲ ಅಂತ ಗೊತ್ತಿದ್ದೇ ನಿಮ್ಮ ಹತ್ರ ಸೈನ್ ಹಾಕಿಸಿದ್ದು. ನೀವು ಹಾಕಿದ್ರೆ ಉಳಿದವರೂ ಹಾಕ್ತಾರೆ ಅಂತ."

ಅವರು ಗ್ಯಾಸಿನ ಮೇಲೆ ಚಾಕ್ಕೆ ನೀರಿಟ್ಟಿದ್ದರು. ತಿರುಗಲಿಲ್ಲ.

"ಗೊತ್ತುಂಟು ಸರ್."

"ಯಾವಾಗಿಂದ?"

"ಕಾಲೇಜಿಂದ ಬಂದ ಮರುದಿವಸ. ಬೆಳಿಗ್ಗೆ ಏಳಕ್ಕೇ ಹೋಗಿ ಆಫೀಸಿನ ಕಪಾಟು ತೆಗೆದು ಹಳೇ ನೋಟೀಸ್ ಪುಸ್ತಕ ನೋಡಿದೆ. ಸುತ್ತೋಲೆ ಅಂಟಿಸಿತ್ತು. ಕೆಳಗೆ ಮೇಡಂ ಕನ್ನಡದಲ್ಲಿ ಬರೆದಿದ್ರು, ಗಣಿತ ಶಿಕ್ಷಕರು ಪಾಲಕರಿಗೆ ತಿಳಿಸತಕ್ಕದ್ದು ಅಂತ. ಅದರ ಕೆಳಗೆ ನಿಮ್ಮ ಸೈನು, ಜೂನ್ ಇಪ್ಪತ್ತೆರಡು. ಪುಸ್ತಕ ನಿಮ್ಮ ಕೈಗೆ ಕೊಟ್ಟದ್ದು ನಾನೇ. ಆ ಒಂದು ದಿನ ಲ್ಯಾಬಿನಲ್ಲಿ ಇನ್ಸ್‌ಪೆಕ್ಷನ್ ಅಂತ ಗಡಿಬಿಡಿಯಲ್ಲಿ ಓದದೇ ಕೊಟ್ಟುಬಿಟ್ಟೆ ಸರ್." ಅವರು ಗ್ಯಾಸು ಸಣ್ಣಗೆ ಮಾಡಿದರು. "ಎಲ್ಲ ನೋಟೀಸೂ ಓದ್ತಿದ್ದೆ. ಅದೊಂದೇ ಓದ್ಲಿಲ್ಲ."

ಐದು ವರ್ಷದಿಂದ ಆ ಹೆಂಗಸು ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡಿದ್ದರು.

"ಹಾಗಾದ್ರೆ ಆವತ್ತು ವರಾಂಡದಲ್ಲಿ ಕೇಳಿದ್ದು, ನಿಮಗೂ ಗೊತ್ತಿರ್ಲಿಕ್ಕಿಲ್ಲ ಅಂತ?"

"ನೀವು, ಇಲ್ಲ ಗೊತ್ತಿತ್ತು ಅಂತ ಹೇಳ್ತೀರೋ ಅಂತ ಕೇಳಿದ್ದು ಸರ್. ಆಮೇಲೂ ಹೇಳ್ತೀರಿ ಅಂತ ನೋಡಿದೆ. ಐದು ವರ್ಷ ಆಯ್ತು." ಚಾ ಸೋಸಿ ಲೋಟ ನನ್ನ ಮುಂದಿಟ್ಟರು. "ನನಗೆ ಹೇಳಿ ಆಯ್ತು. ಅಶ್ಮಿತಾಳಿಗೆ ಹೇಳಿ. ತನಗೆ ಲೆಕ್ಕ ಬರುದಿಲ್ಲ, ಅದಕ್ಕೇ ಸರ್ ಜನರಲ್ಲಿಗೆ ಹಾಕಿದ್ದು ಅಂತ ಈಗಲೂ ತಿಳ್ಕೊಂಡಿದ್ದಾಳೆ. ನಾನು ಹೇಳಿದ್ರೆ ಅಮ್ಮ ಸಮಾಧಾನಕ್ಕೆ ಹೇಳುದು ಅಂತಾಳೆ."

ಏಳೂವರೆಗೆ ಅಶ್ಮಿತಾ ಬಂದಳು. ಹೆಗಲಲ್ಲಿ ಬ್ಯಾಗು, ಕೊರಳಲ್ಲಿ ಕಂಪನಿಯ ಐಡಿ ಕಾರ್ಡು. "ಅರೆ, ಸರ್" ಎಂದು ನಕ್ಕು ಕಾಲಿಗೆ ಬಗ್ಗಲು ಬಂದಳು. ತಡೆದೆ. ಜನರಲ್ಲಿನ ಸಂಗತಿಯನ್ನೆಲ್ಲ ಹೇಳಿದೆ, ಮಯೂರನ ನಲವತ್ತೊಂದು, ಅವಳ ಐವತ್ತೆರಡು, ಯಾವುದನ್ನೂ ಬಿಡದೆ. ಅವಳು ನಿಂತೇ ಕೇಳಿದಳು.

"ಚಲ್ತಾ ಹೈ ಸರ್" ಎಂದಳು ಕೊನೆಗೆ. "ಹೋಗ್ಲಿ. ಈಗ ಜಾಬ್ ಠೀಕ್ ಇದೆ."

"ಇನ್ನೊಂದುಂಟು. ಆ ಲೋಕಲ್ ಲೆಕ್ಕ. ಅಮ್ಮನ ಕೈಯಲ್ಲಿ ಕಳಿಸಿದ್ದೆಯಲ್ಲ."

ಅವಳ ಮುಖ ಬದಲಾಯಿತು. ಆರು ವರ್ಷ ಹಿಂದಿನ ಒಂದು ಲೆಕ್ಕವನ್ನು ಅವಳು ಮರೆತಿರಲಿಲ್ಲ.

"ನಲವತ್ತು ಬಂದಿತ್ತು" ಎಂದಳು. "ಮೆಥಡ್ ತಪ್ಪು ಅಂದಿದ್ರಿ. ಎಷ್ಟು ಸಲ ನೋಡಿದ್ರೂ ಎಲ್ಲಿ ತಪ್ಪು ಅಂತ ಗೊತ್ತಾಗ್ಲಿಲ್ಲ ನನಗೆ."

"ತಪ್ಪಿರಲಿಲ್ಲ. ಪೂರ್ತಿ ಸರಿ ಇತ್ತು. ತಪ್ಪಿದ್ದದ್ದು ನನ್ನದು. ಒಪ್ಪಿಕೊಳ್ಳಲಿಕ್ಕೆ ನಾಚಿಕೆಯಾಯ್ತು."

ಅಶ್ಮಿತಾ ಬ್ಯಾಗನ್ನು ಹೆಗಲಿಂದ ಇಳಿಸಿ ಮಂಚದ ಮೇಲೆ ಕೂತಳು. ಆಮೇಲೆ ನನ್ನನ್ನಲ್ಲ, ಅಮ್ಮನನ್ನು ನೋಡಿ ಹೇಳಿದಳು:

"ಲ್ಯಾಬಿನ ಆ ಸ್ಟೂಲಲ್ಲಿ ಯಾಕೆ ಕೂರ್ತಿಲ್ಲ ಅಂತ ನೀನು ಕೇಳಿದಾಗ, ತಲೆನೋವು ಅಂತ ಸುಳ್ಳು ಹೇಳಿದ್ದೆ ಅಮ್ಮ. ಸರ್ ತಪ್ಪು ಅಂದ ದಿನದಿಂದ ನಾನು ಆ ಗೋಡೆ ಹತ್ರ ಕೂರೋದು ಬಿಟ್ಟೆ."